ಗೌಡರ ತೋಟಕ್ಕೆ ಎಷ್ಟು ಎಚ್‌ಪಿ?

ಕಲ್ಲನಗೌಡರ ಮಗನಿಗೆ ಹೆಣ್ಣು ಕೊಡುವವರು ಮರುದಿನ ಹೊಲಮನೆ ನೋಡಲು ಬರುವವರಿದ್ದರು. ಗೌಡರು ಬೆಳಿಗ್ಗೆಯೇ ಟ್ರ್ಯಾಕ್ಟರ್ ಬಾಡಿಗೆ ಕೇಂದ್ರಕ್ಕೆ ಬಂದು ಮೇಜು ಗುದ್ದಿದರು.

“ಪೇರಲ ತೋಟದಾಗ ಹುಲ್ಲು ಕೊಯ್ಸಬೇಕು. ಆ ಅರವತ್ತು ಎಚ್‌ಪಿ ಗಾಡಿ ಕಳಸು. ನಾಳೆ ತನಕ ತೋಟದಾಗ ನಿಂತಿರಲಿ, ಬೀಗರು ನೋಡಿ ಬೆರಗಾಗಬೇಕು!”

ಕೇಂದ್ರ ನೋಡಿಕೊಳ್ಳುತ್ತಿದ್ದ ಸುಮಂಗಲಾ ಪೇಚಿಗೆ ಬಿದ್ದಳು. ಇದ್ದದ್ದು ಅದೊಂದೇ ದೊಡ್ಡ ಗಾಡಿ. ಹೊನ್ನವ್ವನ ಹೊಲದ ಜಾಲಿ ಪೊದೆ ಕಡಿಯಲು ಅದನ್ನು ಆಗಲೇ ಗೊತ್ತುಮಾಡಿದ್ದಳು. ಪೊದೆ ಅಂದೇ ಹೋಗದಿದ್ದರೆ ಹೊನ್ನವ್ವನ ಬಿತ್ತನೆ ತಪ್ಪುತ್ತಿತ್ತು. ಗೌಡರ ಮೊಣಕಾಲುದ್ದದ ಹುಲ್ಲಿಗೆ ಇಪ್ಪತ್ತೈದು ಎಚ್‌ಪಿ ಧಾರಾಳ. ಆದರೆ ಹಾಗೆ ಹೇಳಿದರೆ ಗೌಡರು ಕೇಳುವವರಲ್ಲ.

“ಆಗಲಿ ಗೌಡ್ರ, ಕಳಸ್ತೀನಿ,” ಎಂದಳು. “ಆದ್ರ ಆ ಗಾಡಿ ಹೋಗೋದು ಜಾಲಿ ಬೆಳೆದು ಕಾಡಾದ ಹೊಲಕ್ಕ ಅಂತ ಸುತ್ತಲಿನ ಊರಿಗೆಲ್ಲ ಗೊತ್ತೈತಿ. ಬೀಗರು ಕೇಳಿದ್ರ, ತೋಟ ಅಷ್ಟೇನೂ ಹಾಳಾಗಿಲ್ಲ ಅಂತ ನಾನ ಹೇಳ್ತೀನಿ ಬಿಡ್ರಿ.”

ಮೀಸೆ ತಿರುವುತ್ತಿದ್ದ ಗೌಡರ ಕೈ ಅಲ್ಲೇ ನಿಂತಿತು.

“ಕಾಡು? ನನ್ನ ತೋಟ?”

“ಜನರ ಬಾಯಿ ಯಾರು ಹಿಡೀಬೇಕು, ಗೌಡ್ರ?”

“ಇಪ್ಪತ್ತೈದರದ್ದು ಕಳಸು!”

ಸುಮಂಗಲಾ ತಕ್ಷಣ ದೊಡ್ಡ ಗಾಡಿಯ ಚಾಲಕನನ್ನು ಹೊನ್ನವ್ವನ ಹೊಲಕ್ಕೆ ಅಟ್ಟಿದಳು. ಬಾಗಿಲ ತನಕ ಹೋದ ಗೌಡರು ತಿರುಗಿ ಬಂದರು. ಸುತ್ತ ನೋಡಿ ದನಿ ತಗ್ಗಿಸಿದರು.

“ತಂಗೀ, ಅದಕ್ಕಿಂತ ಸಣ್ಣದು ಇಲ್ಲೇನು?”

“ಐತ್ರಿ. ಕುಡಗೋಲು. ಆದ್ರ ಅದನ್ನ ನೀವ ನಡೆಸಬೇಕಾಗ್ತದ.”