ಕೆಂಡದ ಮೇಲಿನ ಚಿಟಿಕೆ

"ಕಂಡದ್ದನ್ನು ಬರೆದವಳಿಗೆ ಸೊನ್ನೆ, ಕಾಣದ್ದನ್ನು ಬರೆದವರಿಗೆ ಪೂರ್ತಿ ಅಂಕ. ಹಾಗಿದ್ದ ಮೇಲೆ ಪ್ರಯೋಗವನ್ನು ಯಾಕೆ ಮಾಡಬೇಕು, ಸರ್?"

ಮಂದಾಕಿನಿ ಇದನ್ನು ನಿಂತುಕೊಂಡೇ ಕೇಳಿದಳು. ಅವಳ ಎದುರು ಕೂತಿದ್ದ ಮೇಷ್ಟ್ರು ಗುರುಪಾದಯ್ಯನವರು ನಿವೃತ್ತರಾಗಿ ಆರು ವರ್ಷವಾಗಿತ್ತು. ಆದರೂ ದಿನಾ ಮಧ್ಯಾಹ್ನ ವಿಶ್ವವಿದ್ಯಾಲಯಕ್ಕೆ ಬಂದು ರಸಾಯನಶಾಸ್ತ್ರ ವಿಭಾಗದ ವಾಚನಾಲಯದಲ್ಲಿ ಕೂರುತ್ತಿದ್ದರು. ಯಾರನ್ನೂ ಪಾಸು ಮಾಡುವ, ಫೇಲು ಮಾಡುವ ಅಧಿಕಾರ ಅವರಿಗೆ ಉಳಿದಿರಲಿಲ್ಲ. ಅದಕ್ಕೇ ಏನೋ, ವಿದ್ಯಾರ್ಥಿಗಳು ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು.

"ಕೂತು ಹೇಳು" ಎಂದರು ಮೇಷ್ಟ್ರು.

ಅವಳು ಕೂತಳು. ಮೊದಲ ವರ್ಷದ ಸಾವಯವ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಸೋಮವಾರ ಮೊದಲ ತಂಡದ ಇಪ್ಪತ್ತು ಜನರಿಗೆ ನಡೆದಿತ್ತು; ಎರಡನೆಯ ತಂಡದ್ದು ಇನ್ನೂ ಬಾಕಿ ಇತ್ತು. ಪ್ರತಿಯೊಬ್ಬರಿಗೂ ಒಂದೊಂದು ಚಮಚೆಯಷ್ಟು ಬಿಳಿ ಪುಡಿ ಕೊಟ್ಟಿದ್ದರು. ಅದು ಯಾವ ವಸ್ತು ಎಂದು ಪರೀಕ್ಷೆ ಮಾಡಿ ಹೇಳಬೇಕು. ಈ ಬಾರಿ ಎಲ್ಲರಿಗೂ ಕೊಡುವುದು ಬೆಂಜೋಯಿಕ್ ಆಮ್ಲ ಎಂಬ ಸುದ್ದಿ ಬೆಳಿಗ್ಗೆಯೇ ಮೊಗಸಾಲೆಯಲ್ಲಿ ಓಡಾಡುತ್ತಿತ್ತು. ಮಂದಾಕಿನಿಯ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಕಿವಿಯಲ್ಲೇ ಬಿಟ್ಟು ಒಳಗೆ ಹೋದಳು.

ಆಮ್ಲವಾಗಿದ್ದರೆ ಅಡುಗೆ ಸೋಡಾ ಕರಗಿಸಿದ ನೀರಿಗೆ ಹಾಕಿದಾಗ ಬುರುಬುರು ಗುಳ್ಳೆ ಏಳಬೇಕು. ಏಳಲಿಲ್ಲ. ನೂರ ಇಪ್ಪತ್ತೆರಡು ಡಿಗ್ರಿಗೆ ಕರಗಬೇಕು. ಅವಳ ಪುಡಿ ನೂರ ಹದಿನಾಲ್ಕಕ್ಕೇ ಕರಗಿ ನೀರಾಯಿತು. ತನ್ನ ಕೈಯೇ ತಪ್ಪಿರಬೇಕೆಂದು ಇನ್ನೆರಡು ಸಲ ಮಾಡಿ ನೋಡಿದಳು. ಎರಡು ಸಲವೂ ನೂರ ಹದಿನಾಲ್ಕೇ. ಉಳಿದ ಪರೀಕ್ಷೆಗಳನ್ನೂ ಮುಗಿಸಿ, ಇದು ಅಸಿಟನಿಲೈಡ್ ಎಂದು ಬರೆದು ಕೊಟ್ಟಳು. ಉಳಿದ ಹತ್ತೊಂಬತ್ತು ಜನ ಬೆಂಜೋಯಿಕ್ ಆಮ್ಲ ಎಂದು ಬರೆದರು. ಏಳದ ಗುಳ್ಳೆಯನ್ನು ಎದ್ದಿತೆಂದು ಬರೆದರು. ಪಕ್ಕದ ಮೇಜಿನ ಹುಡುಗಿಯಂತೂ ಪುಡಿ ಕಾಯಿಸುವ ದೀಪವನ್ನೇ ಹಚ್ಚಲಿಲ್ಲ.

"ನಮಗೆ ಪುಡಿ ಕೊಟ್ಟ ಸೀಸೆಯ ಮೇಲೆ ತಪ್ಪು ಹೆಸರಿನ ಚೀಟಿ ಅಂಟಿದೆ ಅಂತ ನಮ್ಮ ಲೆಕ್ಚರರ್ ಹತ್ತಿರ ಹೋಗಿ ಹೇಳಿದೆ, ಸರ್. ಇಡೀ ತಂಡ ಒಂದು ಹೇಳುತ್ತೆ, ನೀನೊಬ್ಬಳು ಇನ್ನೊಂದು ಹೇಳ್ತೀಯ, ಯಾರನ್ನು ನಂಬಲಿ ಅಂದರು. ಪುಡಿಯನ್ನು ನಂಬಿ ಅಂದೆ. ಉದ್ಧಟತನ ಅಂದರು."

ಪಿಯುಸಿಯಲ್ಲಿ ರಸಾಯನಶಾಸ್ತ್ರವೆಂದರೆ ಹೆದರಿ ಸಾಯುತ್ತಿದ್ದವಳು ಅವಳು. ಇಲ್ಲಿಗೆ ಬಂದ ಮೇಲೆ, ಬಾಯಿಪಾಠ ಬಿಟ್ಟು ಒಂದೊಂದು ಕ್ರಿಯೆಯನ್ನೂ ಯಾಕೆ, ಹೇಗೆ ಎಂದು ಕೇಳಿಕೊಂಡು, ಎಂಟು ತಿಂಗಳಲ್ಲಿ ಆ ಹೆದರಿಕೆಯನ್ನು ಪ್ರೀತಿಯಾಗಿ ತಿರುಗಿಸಿಕೊಂಡಿದ್ದಳು. ಈಗ ಆ ಪ್ರೀತಿಯ ಮೇಲೇ ಯಾರೋ ಉಗುಳಿದ ಹಾಗಾಗಿತ್ತು. ಕೈಯಲ್ಲಿ ಕುಲಪತಿಗಳಿಗೆ ಬರೆದ ಅರ್ಜಿ ಇತ್ತು. ತನ್ನ ಅಂಕ ತನಗೆ ಬರಬೇಕು, ತನ್ನನ್ನು ಉದ್ಧಟಳೆಂದವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅದರಲ್ಲಿ ಬರೆದಿದ್ದಳು. ಮೇಷ್ಟ್ರು ಓದಿದರು. ಓದಿ, ಮಡಿಸಿ, ಅವಳ ಮುಂದಿಟ್ಟರು.

"ನಿನ್ನ ಸಿಟ್ಟು ನ್ಯಾಯವಾದದ್ದು. ಒಂದು ಕತೆ ಹೇಳುತ್ತೇನೆ, ಕೇಳು" ಎಂದು ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಪಂಡಿತನಿದ್ದ. ಅವನ ಔಷಧಶಾಲೆಯಲ್ಲಿ ಮೂವರು ಹೆಂಗಸರು ಮದ್ದು ಅರೆಯುತ್ತಿದ್ದರು. ಅವರಲ್ಲಿ ಒಬ್ಬಳು ಇಪ್ಪತ್ತು ವರ್ಷದಿಂದ ಅಲ್ಲಿದ್ದವಳು. ಸೈಂಧವ ಲವಣವನ್ನು ತರಿತರಿಯಾಗಿ ಅರೆದು ಪೊಟ್ಟಣ ಕಟ್ಟುವುದು ಅವಳ ಕೆಲಸ. ಊರಿನ ತಾಯಂದಿರು ಅದನ್ನು ಓಮದ ಕಷಾಯಕ್ಕೆ ಬೆರೆಸಿ, ಹೊಟ್ಟೆನೋವೆಂದು ಅಳುವ ಕೂಸುಗಳಿಗೆ ಕುಡಿಸುತ್ತಿದ್ದರು.

ಒಂದು ದಿನ ಪಂಡಿತ ಹೊಸ ಸರಕನ್ನು ಭರಣಿಗಳಿಗೆ ತುಂಬಿಸಿ, ಭರಣಿಗಳ ಮೇಲೆ ತಾನೇ ಹೆಸರು ಬರೆದ. ಮರುದಿನ ಅರೆಯುವಾಗ ಒಂದು ಹರಳು ಹಾರಿ ಅವಳ ತುಟಿಗೆ ತಾಗಿತು. ಉಪ್ಪು ಹತ್ತಲಿಲ್ಲ. ಒಂದು ಚಿಟಿಕೆ ಕೆಂಡಕ್ಕೆ ಹಾಕಿದಳು. ಉಪ್ಪಾದರೆ ಚಟಚಟ ಸಿಡಿಯಬೇಕು. ಇದು ಸಿಡಿಯದೆ ಅರಳಿನಂತೆ ಉಬ್ಬಿ ಮೇಲೆದ್ದಿತು. ಅದು ಬಿಳಿಗಾರ. ಅಕ್ಕಸಾಲಿಗರು ಬೆಸುಗೆಗೆ ಬಳಸುವುದು, ಕೂಸಿನ ಹೊಟ್ಟೆಗೆ ಹೋಗಬಾರದ್ದು.

ಅವಳು ಪಂಡಿತನಿಗೆ ಹೇಳಿದಳು. ಅವನು ಕೆಟ್ಟವನಲ್ಲ. ಆದರೆ ಭರಣಿಯನ್ನು ಅನುಮಾನಿಸುವುದೆಂದರೆ ಅವನ ಕೈಬರಹವನ್ನು ಅನುಮಾನಿಸಿದಂತೆ.

"ಭರಣಿಯ ಮೇಲೆ ಏನು ಬರೆದಿದೆ, ಓದು ನೋಡೋಣ" ಎಂದ.

"ನನಗೆ ಓದಲು ಬರುವುದಿಲ್ಲ, ಪಂಡಿತರೇ. ಕೆಂಡಕ್ಕೂ ಬರುವುದಿಲ್ಲ" ಎಂದಳು.

ಪಂಡಿತ ಉಳಿದಿಬ್ಬರನ್ನು ಕರೆದು ಕೇಳಿದ. ಅವರೂ ರುಚಿ ನೋಡಿದ್ದರು, ಅವರ ನಾಲಿಗೆಗೂ ಗೊತ್ತಾಗಿತ್ತು. ಆದರೂ ಬರೆದದ್ದೇ ಇರಬೇಕು ಎಂದರು. ಪಂಡಿತ ಅವಳಿಗೆ ನಾಳೆಯಿಂದ ಬರಬೇಡವೆಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಅರೆದ ಕೈಗೆ ಕ್ಷಣದಲ್ಲಿ ಬೆಲೆ ಇಲ್ಲವಾಯಿತು. ಜೊತೆಗೆ ಕೂತು ಉಂಡವರು ಮುಖ ತಿರುಗಿಸಿದರು. ಆ ಸಿಟ್ಟನ್ನು ಹೊತ್ತುಕೊಂಡೇ ಮನೆಗೆ ಹೋದಳು. ಅನ್ನ ಸೇರಲಿಲ್ಲ.

ಬೆಳಗಾದ ಮೇಲೆ ಅವಳು ಒಂದು ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು ಬಂದು ಔಷಧಶಾಲೆಯ ಎದುರು, ಬೀದಿಯ ಆಚೆ ಬದಿ ಕುಳಿತಳು. ಮಡಿಲಲ್ಲಿ ತನ್ನ ಅಡುಗೆಮನೆಯ ಕಲ್ಲುಪ್ಪು. ಪೊಟ್ಟಣ ಹಿಡಿದು ಹೊರಬಂದ ಪ್ರತಿ ತಾಯಿಯನ್ನೂ ಕರೆದಳು. ಪೊಟ್ಟಣದಿಂದ ಒಂದು ಚಿಟಿಕೆ, ತನ್ನ ಮಡಿಲಿನಿಂದ ಒಂದು ಚಿಟಿಕೆ ಕೆಂಡದ ಮೇಲೆ ಹಾಕಿದಳು. ಒಂದು ಉಬ್ಬಿತು. ಒಂದು ಸಿಡಿಯಿತು. "ನೋಡು ತಾಯಿ. ಎರಡೂ ಒಂದೇ ಆದರೆ ಕುಡಿಸು" ಎಂದಳು. ಪಂಡಿತನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೆಲವರು ಪೊಟ್ಟಣವನ್ನು ಚರಂಡಿಗೆ ಎಸೆದರು. ಕೆಲವರು ಅವಳ ಮೇಲೇ ಹರಿಹಾಯ್ದರು. ಕೆಲಸ ಹೋದ ಹೊಟ್ಟೆಕಿಚ್ಚು ಎಂದರು. ಮೂರನೆಯ ದಿನ ಒಬ್ಬ ವ್ಯಾಪಾರಿ ಅಗ್ಗಿಷ್ಟಿಕೆಯನ್ನು ಕಾಲಿನಿಂದ ಒದ್ದ. ಅವಳ ಮೊಣಕೈ ಸುಟ್ಟಿತು. ಕೆಂಡವನ್ನು ಚಿಪ್ಪಿನಿಂದ ಬಾಚಿ ತುಂಬಿ ಮತ್ತೆ ಅಲ್ಲೇ ಕುಳಿತಳು. ಊರಿನ ಹಿರಿಯರು ಕರೆಸಿ, ದೊಡ್ಡವರ ಮಾನ ಕಳೆಯಬೇಡ ಎಂದರು. ಕೇಳಿಸಿಕೊಂಡಳು. ಮರುದಿನವೂ ಬಂದಳು. ಹೀಗೆ ಹನ್ನೊಂದು ದಿನ.

ಹನ್ನೊಂದನೆಯ ದಿನ ಪಂಡಿತ ತನ್ನ ಬಾಗಿಲಲ್ಲಿ ನಿಂತು ಚರಂಡಿಯಲ್ಲಿ ಬಿದ್ದಿದ್ದ ಪೊಟ್ಟಣಗಳನ್ನು ನೋಡಿದ. ಒಳಗೆ ಹೋಗಿ, ಯಾರೂ ಇಲ್ಲದಾಗ, ಭರಣಿಯಿಂದ ಒಂದು ಚಿಟಿಕೆ ತೆಗೆದು ಒಲೆಗೆ ಹಾಕಿದ. ಅದು ಉಬ್ಬಿತು. ಆಮೇಲೆ ಭರಣಿಯನ್ನು ಹಿತ್ತಿಲಲ್ಲಿ ಬರಿದು ಮಾಡಿ, ತೊಳೆದು, ನಿಜವಾದ ಸೈಂಧವ ತುಂಬಿಸಿದ. ಯಾರಿಗೂ ಏನೂ ಹೇಳಲಿಲ್ಲ. ಉಳಿದಿಬ್ಬರು ಹೆಂಗಸರು ಎಂದಿನಂತೆ ಅರೆಯುತ್ತಿದ್ದರು.

ಮರುದಿನ ಒಬ್ಬ ಬಾಣಂತಿ ಪೊಟ್ಟಣ ಹಿಡಿದು ಬಂದಳು. ಇವಳು ಎರಡು ಚಿಟಿಕೆಗಳನ್ನೂ ಕೆಂಡಕ್ಕೆ ಹಾಕಿದಳು. ಎರಡೂ ಚಟಚಟ ಸಿಡಿದವು. ಇನ್ನೊಬ್ಬಳು ಬಂದಳು. ಅವಳದ್ದೂ ಸಿಡಿಯಿತು. ಸಂಜೆಯವರೆಗೆ ಕಾದು ಇನ್ನೂ ಎಂಟು ಪೊಟ್ಟಣ ನೋಡಿದಳು. ಎಲ್ಲವೂ ಸಿಡಿದವು. ಅವಳು ಕೆಂಡಕ್ಕೆ ನೀರು ಸುರಿದು, ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಮನೆಗೆ ಹೋದಳು. ಮುಂದೆ ಹಪ್ಪಳ ಲಟ್ಟಿಸಿ ಜೀವನ ಮಾಡಿದಳು.

ಮೇಷ್ಟ್ರು ನಿಲ್ಲಿಸಿದರು.

ಮಂದಾಕಿನಿ ಕಾದಳು. ಕತೆ ಮುಂದುವರಿಯಲಿಲ್ಲ.

"ಅಷ್ಟೇನಾ? ಪಂಡಿತ ಬಂದು ತಪ್ಪಾಯಿತು ಅನ್ನಲಿಲ್ಲವಾ?"

"ಇಲ್ಲ."

"ಕೆಲಸಕ್ಕೆ ವಾಪಸು ಕರೆಯಲಿಲ್ಲವಾ? ಒದ್ದವನಿಗೆ ಏನೂ ಆಗಲಿಲ್ಲವಾ?"

"ಇಲ್ಲ."

"ಇದು ಅನ್ಯಾಯ ಸರ್. ನನ್ನದಕ್ಕಿಂತ ದೊಡ್ಡ ಅನ್ಯಾಯ. ಅವಳಾದರೂ ಹೋಗಿ ಕೇಳಬೇಕಿತ್ತು. ನಾನಾಗಿದ್ದರೆ ಆ ಬಾಗಿಲಲ್ಲೇ ನಿಂತು, ಎಲ್ಲರೆದುರು ಅವನ ಬಾಯಲ್ಲಿ ಹೇಳಿಸುತ್ತಿದ್ದೆ. ಸರಿಯಾಗಿ ಹೇಳಿದ್ದು ಅವಳೊಬ್ಬಳೇ. ಅಷ್ಟು ದಿನ ಕೂತು, ಸುಟ್ಟುಕೊಂಡು, ಕೊನೆಗೆ ಬರಿಗೈಯಲ್ಲಿ ಎದ್ದು ಹೋದಳಲ್ಲ. ಯಾಕೆ ಸರ್?"

ಗುರುಪಾದಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾಳೆ ಬೆಳಿಗ್ಗೆ ಎರಡನೆಯ ತಂಡದ ಇಪ್ಪತ್ತು ಮಕ್ಕಳಿಗೂ ಅದೇ ಸೀಸೆಯ ಪುಡಿ ಕೊಡುತ್ತಾರಲ್ಲವೇ, ಮಂದಾಕಿನಿ?"