ಜಗಲಿಯಲ್ಲಿ ಕೂತ ಫಾದರ್

ನಮ್ಮ ಕಾಲೇಜು ಈಗ ವಿಶ್ವವಿದ್ಯಾಲಯವಾಗಿದೆ. ಹೊಳೆಬದಿಯ ಹಳೇ ಹಾಸ್ಟೆಲ್ ಇದ್ದಲ್ಲಿ 'ಜಾಗತಿಕ ಪೌರತ್ವ ಕೇಂದ್ರ' ಅಂತ ಒಂದು ಕಟ್ಟಡ ಎದ್ದಿದೆ. ಒಳಗೆ ಏಸಿ ಹಾಕಿ ಚಳಿ ಹಿಡಿಸುತ್ತಾರೆ.

ಮೊನ್ನೆ ನನ್ನನ್ನು ಅಲ್ಲಿಗೆ ಕರೆದಿದ್ದರು. ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದು ಪ್ರಜಾಪ್ರಭುತ್ವವನ್ನು ಹೇಗೆ ಕಲಿಸಬೇಕು, ಹೇಳಿ ಅಂದರು. ನನಗೆಂತ ಗೊತ್ತು? ನನಗೆ ಗೊತ್ತಿದ್ದದ್ದು ಫಾದರ್ ಸಿಲ್ವಾನೊ ಒಬ್ಬರೇ. ಈ ಎಪ್ಪತ್ತರ ವಯಸ್ಸಿನಲ್ಲೂ ಅವರನ್ನು ಮರೆತಿಲ್ಲ.

ಫಾದರ್ ನಮ್ಮ ಹಾಸ್ಟೆಲ್ಲಿನ ವಾರ್ಡನ್. ಶನಿವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಊಟದ ಕೋಣೆಯಲ್ಲಿ ಸಭೆ. ಹಾಸ್ಟೆಲ್ಲಿನ ಎಲ್ಲ ತೀರ್ಮಾನವೂ ಅಲ್ಲೇ, ಕೈ ಎತ್ತಿಯೇ ಆಗಬೇಕು. ಫಾದರ್ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅವರಿಗೂ ಒಂದೇ ಓಟು.

ಒಂದು ವರ್ಷ ನಾನು ಹಾಸ್ಟೆಲ್ಲಿನ ಕಾರ್ಯದರ್ಶಿ ಚುನಾವಣೆಗೆ ನಿಂತಿದ್ದೆ. ಎದುರಿಗೆ ಬರಾಕ, ಟಾಂಜಾನಿಯಾದವನು. ಹಾಸ್ಟೆಲ್ಲಿನಲ್ಲಿ ಆಫ್ರಿಕಾದ ಹುಡುಗರು ಆರು ಮಂದಿ. ಬರಾಕ ಎಲ್ಲರ ಹತ್ತಿರವೂ ನಗುತ್ತಾ ಮಾತಾಡುವವನು. ಅವನು ಗೆಲ್ಲುವ ಲಕ್ಷಣ ಕಾಣತೊಡಗಿದಾಗ ನನಗೆ ಹೊಟ್ಟೆಕಿಚ್ಚಾಯಿತು.

ಒಂದು ನಿರ್ಣಯ ಬರೆದು ಸಭೆಯಲ್ಲಿಟ್ಟೆ. 'ಬೇರೆ ದೇಶದಲ್ಲಿ ಹುಟ್ಟಿದವರಿಗೆ ಈ ಸಭೆಯಲ್ಲಿ ಜಾಗವಿಲ್ಲ, ಓಟೂ ಇಲ್ಲ.' ಇವತ್ತು ಇದ್ದು ನಾಳೆ ಹೋಗುವವರಿಗೆ ನಮ್ಮ ಮನೆಯ ಯಜಮಾನಿಕೆ ಯಾಕೆ ಅಂತ ಭಾಷಣವನ್ನೂ ಬಿಗಿದೆ. ಚಪ್ಪಾಳೆ ಬಿತ್ತು. ಅರವತ್ತೊಂದು ಕೈ ಎದ್ದವು. ವಿರುದ್ಧ ಹದಿನಾಲ್ಕು. ಅದರಲ್ಲಿ ಒಂದು ಫಾದರದ್ದು.

ಸಹಿಗೆ ಅವರ ಕೋಣೆಗೆ ಹೋದೆ. ಓದಿ ಸಹಿ ಹಾಕಿದರು.

"ನಿಮಗೆ ಕೋಪ ಬರಲಿಲ್ಲವಾ, ಫಾದರ್?"

"ಬಂದಿದೆ. ಕೋಪಕ್ಕೂ ಒಂದೇ ಓಟು ಮಾರಾಯ."

ಮುಂದಿನ ಶನಿವಾರ ಕೊನೆಯ ಬೆಂಚು ಖಾಲಿ. ಹೊರಗೆ ಜಗಲಿಯಲ್ಲಿ ಆರು ಹುಡುಗರು ಸಾಲಾಗಿ ಕೂತಿದ್ದರು. ಏಳನೆಯವರಾಗಿ ಫಾದರ್, ನಿಲುವಂಗಿ ಮುದುರಿಕೊಂಡು ನೆಲದ ಮೇಲೆ ಕೂತಿದ್ದರು.

"ಇಲ್ಲೆಂತ ಮಾಡ್ತಿದ್ದೀರಿ ಫಾದರ್? ಸಭೆ ಶುರುವಾಯಿತು."

"ನಿನ್ನ ನಿರ್ಣಯ ಓದು, ದೇಜಪ್ಪ."

ಓದಿದೆ. ಅರ್ಧಕ್ಕೇ ನಿಲ್ಲಿಸಿದೆ. ಅಯ್ಯೋ ದೇವರೇ! ಫಾದರ್ ಹುಟ್ಟಿದ್ದು ಇಟಲಿಯಲ್ಲಿ. ಅರವತ್ತೊಂದು ಜನರಲ್ಲಿ ಒಬ್ಬನಿಗೂ ಅದು ನೆನಪಾಗಿರಲಿಲ್ಲ. ನಲವತ್ತು ವರ್ಷ ನಮ್ಮ ಗಂಜಿ ಉಂಡು, ನಮ್ಮ ಭಾಷೆಯಲ್ಲೇ ನಮ್ಮನ್ನು ಬೈದವರು ಪರದೇಶದವರು ಅಂತ ಯಾರಿಗೆ ಹೊಳೆಯುತ್ತದೆ!

"ಇದು ನಿಮಗಲ್ಲ ಫಾದರ್! ನೀವು ನಮ್ಮವರು."

"ಯಾವಾಗಿಂದ?"

"ಮೊದಲಿಂದಲೂ."

"ಸುಳ್ಳು. ಹಡಗಿಂದ ಇಳಿದ ವರ್ಷ ಮಕ್ಕಳು ನನ್ನನ್ನು ಕಂಡು ಓಡುತ್ತಿದ್ದರು. ಬಾಯಿ ತೆರೆದರೆ ದೊಡ್ಡವರು ನಗುತ್ತಿದ್ದರು. ಅಡುಗೆ ಮಾಡುತ್ತಿದ್ದ ಪಾವ್ಲಿನ್ ಬಾಯಿ ಒಬ್ಬಳೇ ಒಲೆಯ ಹತ್ತಿರ ಮಣೆ ಹಾಕಿ, ಇದು ಸೌಟು, ಇದು ಮಡಕೆ ಅಂತ ಕಲಿಸಿದಳು. ಆ ವರ್ಷ ನೀವು ಓಟು ಹಾಕಿದ್ದರೆ ನಾನು ಅದೇ ಹಡಗಿನಲ್ಲಿ ವಾಪಸ್."

"ನಿಮ್ಮೊಬ್ಬರಿಗೆ ವಿನಾಯಿತಿ ಅಂತ ಸೇರಿಸುತ್ತೇನೆ."

"ಆಗ ನಾನು ನೆಂಟ. ನೆಂಟನಿಗೆ ದೊಡ್ಡ ಮೀನಿನ ತುಂಡು ಸಿಗುತ್ತದೆ, ಓಟು ಸಿಗುವುದಿಲ್ಲ."

ನನಗೆ ಅಳು ಬರುವುದೊಂದು ಬಾಕಿ. "ಹಾಗಾದರೆ ನೀವೇ ರದ್ದು ಮಾಡಿಬಿಡಿ! ನೀವು ವಾರ್ಡನ್. ನಿಮ್ಮ ಒಂದು ಮಾತು ಸಾಕು."

"ಸಾಕು. ಆಮೇಲೆ ಬರುವ ವಾರ್ಡನ್ ಕೂಡ ಒಳ್ಳೆಯವನೇ ಆಗಿರಲಿ ಅಂತ ನೀವು ದಿನಾ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾ ಇರಬೇಕಾಗುತ್ತದೆ."

ಬರಾಕ ತಲೆ ತಗ್ಗಿಸಿ ಕೂತಿದ್ದ. ಒಂದು ವಾರದಿಂದ ಅವನು ಯಾರ ಹತ್ತಿರವೂ ನಕ್ಕಿರಲಿಲ್ಲ. ಅದನ್ನು ನಾನು ಗಮನಿಸಿದ್ದು ಆಗಲೇ. ನಾಚಿಕೆಯಾಯಿತು ನನಗೆ, ನಿಜವಾಗಿ ನಾಚಿಕೆಯಾಯಿತು.

ಆದರೂ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ನಿರ್ಣಯ ಹಿಂತೆಗೆದರೆ ಬರಾಕ ಮತ್ತೆ ಕಣಕ್ಕೆ ಬರುತ್ತಾನೆ, ನಾನು ಸೋಲುತ್ತೇನೆ. ಕಾರ್ಯದರ್ಶಿಯಾದೆ ಅಂತ ಅಪ್ಪನಿಗೆ ಆಗಲೇ ಕಾಗದ ಬರೆದು ಹಾಕಿದ್ದೆ ಬೇರೆ, ದಡ್ಡ!

ಒಳಗೆ ಹೋದೆ. ಬಾಗಿಲಿಂದ ಮೇಜಿಗೆ ಹತ್ತು ಹೆಜ್ಜೆ. ಅಷ್ಟು ಉದ್ದದ ದಾರಿ ನಾನು ಮತ್ತೆ ನಡೆದಿಲ್ಲ.

"ನಾನು ತಂದ ನಿರ್ಣಯ ತಪ್ಪು. ಹಿಂತೆಗೆದುಕೊಳ್ಳೋಣ," ಅಂದೆ.

"ಹೋದ ವಾರ ಒಂದು, ಈ ವಾರ ಒಂದಾ?" ಅಂತ ಕೂಗಿದರು ನನ್ನ ಪಕ್ಷದವರೇ. ಒಬ್ಬ ಶಿಳ್ಳೆ ಹಾಕಿದ. ಒಂದು ಗಂಟೆ ಜಗಳವಾಯಿತು. ಫಾದರ್ ಜಗಲಿಯಿಂದ ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ ಹಿಂತೆಗೆಯುವುದಕ್ಕೇ ನಾಲ್ಕು ಕೈ ಹೆಚ್ಚು ಎದ್ದು ಹೋದ ವಾರದ ನಿರ್ಣಯ ಬಿದ್ದುಹೋಯಿತು.

ಏಳೂ ಜನ ಒಳಗೆ ಬಂದರು. ಫಾದರ್ ತಮ್ಮ ಬೆಂಚಿನಲ್ಲಿ ಕೂತು, ಬೆನ್ನು ನೋವು ಅಂತ ಗೊಣಗಿದರು.

ಮರು ಶನಿವಾರ ಚುನಾವಣೆ. ಮೂರು ಓಟಿನಿಂದ ಸೋತೆ.

ಮರುದಿನ ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದೆ. ಫಾದರ್ ಬಂದು ಪಕ್ಕದಲ್ಲಿ ಕೂತರು. ದೋಣಿಯೊಂದು ಆಚೆ ದಡ ಮುಟ್ಟುವುದನ್ನು ಇಬ್ಬರೂ ನೋಡಿದೆವು. ಈಗಲೂ ಒಮ್ಮೊಮ್ಮೆ ಆ ಬೆಳಗಿಗೆ ವಾಪಸ್ ಹೋಗಬೇಕು ಅನಿಸುತ್ತದೆ.

"ನೀವು ಹೇಳಿದ ಹಾಗೆ ಮಾಡಿ ಸೋತೆ, ಫಾದರ್."

"ನಾನೆಂತ ಹೇಳಿದೆ? ನಾನು ಜಗಲಿಯಲ್ಲಿ ಕೂತಿದ್ದೆ."

ನಗು ಬಂತು, ಕಣ್ಣೀರೂ ಬಂತು. ಕೇಳಬಾರದ್ದನ್ನು ಕೇಳಿಯೇಬಿಟ್ಟೆ.

"ನಿಮ್ಮ ಓಟು ಯಾರಿಗೆ ಹಾಕಿದಿರಿ?"

"ನಿನಗೇ. ಈಗ ಏಳು, ಬರಾಕನಿಗೆ ಕನ್ನಡದಲ್ಲಿ ಸಭೆಯ ವರದಿ ಬರೆಯಲಿಕ್ಕೆ ಬರುವುದಿಲ್ಲ. ಗೆದ್ದವನು ಬೆಳಗ್ಗಿನಿಂದ ಒಬ್ಬನೇ ಕೂತಿದ್ದಾನೆ."