ಕರಿಕಿಯ ಚೊಚ್ಚಲ ಮೊಟ್ಟೆ

ಒಂದಾನೊಂದು ಕಾಲದಲ್ಲಿ, ಕೋಳಿ ಕೂಗಿದ ಮೇಲೇನೇ ಬೆಳಗಾಗ್ತಿದ್ದ ಕಾಲದಲ್ಲಿ, ಒಂದೂರಲ್ಲಿ ಸಾಕವ್ವ ಅಂತ ಹೊಸ ಸೊಸೆ ಇದ್ಲಂತೆ. ಕಾಲು ಒಳಗಿಟ್ಕೊಂಡು ಮಲಕ್ಕೋ ಕೂಸೆ, ಹೂಂ ಅಂತಿರು, ಅನ್ನದಿದ್ರೆ ನಾನು ಮುಂದಕ್ಕೆ ಹೇಳಲ್ಲ.

ಸಾಕವ್ವ ಗಂಡನ ಮನೆಗೆ ಬರೋವಾಗ ಅವಳವ್ವ ಮಂಕರೀಲಿ ಮೂರು ಕೋಳಿಮರಿ ಇಟ್ಟು ಕಳಿಸಿದ್ಲಂತೆ, ಒಂದು ಕೆಂಚಿ, ಒಂದು ಬಿಳಚಿ, ಒಂದು ಕರಿಕಿ. ಆಮೇಲೆ ಆರೇ ತಿಂಗಳಿಗೆ ಆ ಅವ್ವ ತೀರ್ಕೊಂಡ್ಲಂತೆ. ತವರಿಂದು ಅಂತ ಉಳಿದಿದ್ದು ಆ ಮೂರು ಕೋಳಿಗಳೇ. ಅದರಲ್ಲೂ ಕರಿಕಿ ಅಂದ್ರೆ ಸಾಕವ್ವನಿಗೆ ಪ್ರಾಣ, ಯಾಕಂದ್ರೆ ಅದು ಚಿಪ್ಪಿಂದ ಈಚೆ ಬರಲಾರದೆ ಒದ್ದಾಡ್ತಿದ್ದಾಗ ಅವಳವ್ವ ಉಗುರಲ್ಲಿ ಚಿಪ್ಪು ಬಿಡಿಸಿ, ಸೆರಗಲ್ಲಿ ಸುತ್ಕೊಂಡು ಬದುಕಿಸಿದ್ಲಂತೆ.

ಮೂರರ ಜುಟ್ಟೂ ಕೆಂಪೇರಿ ಮೊಟ್ಟೆಗೆ ಬರೋ ಹೊತ್ತಿಗೆ ಅತ್ತೆ ದೊಡ್ಡತಾಯಮ್ಮ ಹೇಳಿದ್ಲಂತೆ, ಇನ್ನು ಮೂರು ದಿನಕ್ಕೆ ನಮ್ಮಣ್ಣಯ್ಯ ಬರ್ತಾನೆ ಕಣೆ, ಹುಂಜ ನರಿ ಪಾಲಾಯ್ತು, ಮೊಟ್ಟೆ ಇಕ್ಕೋ ಕೋಳಿ ಕೊಯ್ಯೋ ರೂಢಿ ಈ ಮನೇಲಿಲ್ಲ, ಅಷ್ಟರೊಳಗೆ ಯಾವುದು ಇಕ್ಕಲ್ವೋ ಅದು ಸಾರಿಗೆ. ಒಂದು ಸಲ ಅಂದ್ರೆ ಅಂದಂಗೇ, ಅಂಥಾ ಹೆಂಗಸು ಅದು.

ಮೊದಲನೇ ದಿನ ಕೆಂಚಿ ಹಿತ್ತಲೆಲ್ಲ ಸುತ್ತಿ ಸೌದೆ ಸಂದೀಲಿ ಒಂದು ಮೊಟ್ಟೆ ಇಕ್ತಂತೆ. ಅತ್ತೆ ಅದನ್ನ ಕೆನ್ನೆಗೆ ಒತ್ಕೊಂಡು, ಬೆಚ್ಚಗದೆ, ಇದು ಉಳೀತು ಅಂದ್ಲಂತೆ. ಎರಡನೇ ದಿನ ಬಿಳಚೀನೂ ಇಕ್ತಂತೆ, ಅದೂ ಉಳೀತಂತೆ. ಎರಡು ಮೊಟ್ಟೇನೂ ರಾಗಿ ಗಡಿಗೇಲಿ ಹೂತಿಟ್ರಂತೆ.

ಮೂರನೇ ದಿನ ಕರಿಕಿ ಏನ್ಮಾಡ್ತು ಹೇಳು? ಸೌದೆ ಸಂದಿಗೆ ಹೋಗ್ತದೆ, ಬರ್ತದೆ. ಮೊರದ ಹಿಂದೆ ಇಣುಕ್ತದೆ, ಬರ್ತದೆ. ಬೀಸೋ ಕಲ್ಲಿನ ಮೂಲೇಲಿ ಕೂರ್ತದೆ, ಏಳ್ತದೆ. ಒಂದು ಜಾಗವೂ ಒಪ್ಪಿಗೆಯಿಲ್ಲ ಆ ಮಹಾರಾಣಿಗೆ! ಇಕ್ಕೇ ನಮ್ಮವ್ವ, ನಿನ್ನ ಕಾಲಿಗೆ ಬೀಳ್ತೀನಿ ಅಂತ ಸಾಕವ್ವ ಬೆಳಗಿಂದ ಅದರ ಹಿಂದೆ ಹಿಂದೇನೇ. ಬಿಸಿಲು ನೆತ್ತಿಗೆ ಬಂತಂತೆ. ಒಲೆ ಮೇಲೆ ಎಸರು ಕೊತಕೊತ ಅಂತು. ಅತ್ತೆ ಕಲ್ಲಿಗೆ ಕತ್ತಿ ಮಸೆಯೋಕೆ ಕೂತ್ಲಂತೆ, ಸರಕ್, ಸರಕ್.

ಆಗ ಸಾಕವ್ವ ಒಂದು ತಪ್ಪು ಮಾಡಿದ್ಲು ನೋಡು. ರಾಗಿ ಗಡಿಗೆಗೆ ಕೈ ಹಾಕಿ ಬಿಳಚಿಯ ಮೊಟ್ಟೆ ತಗೊಂಡು, ರಾಗಿ ಒರೆಸಿ, ಕರಿಕೀನ ಮಂಕರಿ ಕೆಳಗೆ ಕವುಚಿ, ಮೊಟ್ಟೇನ ಅದರ ಪಕ್ಕದಲ್ಲೇ ಒಳಗಿಟ್ಟು, ಅತ್ತೆಮ್ಮಾ, ಕರಿಕಿ ಇಕ್ತು ಅಂತ ಕೂಗಿದ್ಲಂತೆ. ಅತ್ತೆ ಬಂದ್ಲು, ಮಂಕರಿ ಓರೆ ಮಾಡಿ ಮೊಟ್ಟೆ ತಗೊಂಡ್ಲು, ಕೆನ್ನೆಗೆ ಒತ್ಕೊಂಡ್ಲು. ಈಗಿಕ್ಕಿದ ಮೊಟ್ಟೆ ತಣ್ಣಗಿರ್ತದೇನೇ ಹೆಣ್ಣೆ, ಅಂದ್ಲಂತೆ.



ಅತ್ತೆ ಮಂಕರಿ ಎತ್ತಿ ಕೈ ಹಾಕಿದ್ದೇ ತಡ, ಕರಿಕಿ ಅವಳ ಕಾಲಸಂದೀಲಿ ನುಗ್ಗಿ, ಅಡುಗೆಮನೆ ಹೊಕ್ಕು, ನಡುಮನೆ ದಾಟಿ, ಜಗಲಿಗೆ ಓಡ್ತಂತೆ. ಹಿಂದೆ ಕತ್ತಿ ಹಿಡಿದ ಅತ್ತೆ. ಅವಳ ಹಿಂದೆ ಸಾಕವ್ವ, ಬೇಡ ಅತ್ತೆಮ್ಮಾ, ನಮ್ಮವ್ವ ಸೆರಗಲ್ಲಿ ಸುತ್ತಿ ಬದುಕಿಸಿದ್ದು ಅದು, ಅಂತ ಅಳ್ತಾ.

ಜಗಲೀಲಿ ಆಗ್ತಾನೇ ಬಂದಿದ್ದ ಅತ್ತೆಯ ಅಣ್ಣ ಮುದ್ದೇಗೌಡ ತನ್ನ ಕೆಂಪು ರುಮಾಲು ತೆಗೆದಿಟ್ಟು ಅಂಗಳದಲ್ಲಿ ಕಾಲು ತೊಳೀತಿದ್ನಂತೆ. ಸುತ್ತಿದ ರುಮಾಲು, ಮೆತ್ತಗೆ, ನಡುವೆ ಗುಳಿ. ಕರಿಕಿ ಹಾರಿ ಅದರೊಳಕ್ಕೆ ಕೂತೇಬಿಡ್ತಂತೆ. ಅತ್ತೆ ಕೈ ಚಾಚಿದ್ಲು. ತಡಿ ತಂಗ್ಯವ್ವ, ಕೂತ ಕೋಳಿ ಎಬ್ಬಿಸಬ್ಯಾಡ ಅಂದ ಮುದ್ದೇಗೌಡ. ಮೂರೂ ಜನ ಉಸಿರು ಬಿಡದೆ ನಿಂತ್ರಂತೆ. ಒಳಗೆ ಎಸರು ಕುದೀತಾನೇ ಇತ್ತಂತೆ.

ಆಮೇಲೆ ಕರಿಕಿ ಎದ್ದು, ಮೈ ಕೊಡವಿ, ಕೊಕ್ಕೊಕ್ಕೋ ಅಂತು. ರುಮಾಲಲ್ಲಿ ಒಂದು ಪುಟಾಣಿ ಮೊಟ್ಟೆ, ಚೊಚ್ಚಲು ನೋಡು, ಮೇಲೊಂದು ರಕ್ತದ ಗೆರೆ.

ಅತ್ತೆ ಅದನ್ನ ಕೆನ್ನೆಗೆ ಒತ್ಕೊಂಡವಳು ಎಷ್ಟೊತ್ತಾದ್ರೂ ತೆಗೀಲಿಲ್ವಂತೆ. ಕಣ್ಣಲ್ಲಿ ನೀರು ಬಂತಂತೆ. ನಾನೂ ತವರಿಂದ ಒಂದು ಕೋಳಿ ತಂದಿದ್ದೆ ಕಣೆ ಸಾಕಿ, ಬಂದ ವಾರಕ್ಕೇ ಸಾರು ಮಾಡಿಬಿಟ್ರು, ಬಾಯಿ ಬಿಡೋಕೆ ನಂಗೆ ಧೈರ್ಯವಿರಲಿಲ್ಲ, ಅಂದ್ಲಂತೆ. ಅಂದು, ಆ ಮೊಟ್ಟೇನ ಸೊಸೆಯ ಕೆನ್ನೆಗೆ ಒತ್ತಿದ್ಲಂತೆ. ಇನ್ನೂ ಬೆಚ್ಚಗೇ ಇತ್ತಂತೆ.

ಅವತ್ತು ಕತ್ತಿ ಸೋರೆಕಾಯಿ ಹೆಚ್ತಂತೆ. ಕೆಂಚಿ ಬಿಳಚಿಯ ಮೊಟ್ಟೆ ಒಡೆದು ಸಾರು ಮಾಡಿದ್ರಂತೆ, ಮುದ್ದೇಗೌಡ ಮೂರು ಮುದ್ದೆ ನುಂಗಿದ್ನಂತೆ. ರುಮಾಲು ಬಿಟ್ಟು ಬೇರೆಲ್ಲೂ ಕರಿಕಿ ಇಕ್ಕಲ್ಲ ಅಂತ ಹಟ ಹಿಡೀತು, ಪಾಪ ಅವನು ಬರೀತಲೇಲೇ ಊರಿಗೆ ಹೋದ್ನಂತೆ. ಕತೆ ಮುಗೀತು, ಕರಿಕಿ ರುಮಾಲು ಸೇರ್ತು, ನೀನು ನನ್ನ ಸೆರಗೊಳಗೆ ಬಾ.